ನಮ್ಮ ಮನೆ ಕೆಎ-36 ಜೀಪು

ನಮ್ಮ ಜೀಪಿನ ನಂಬರ್ ಪ್ಲೇಟ್ ಮೇಲೆ ಇನ್ನೂ ಕೆಎ-36 ಅಂತಾನೇ ಇದೆ. ನೋಡಿದವ್ರೆಲ್ಲ ರಾಯಚೂರಿನವ್ರಾ ಅಂತ ಕೇಳ್ತಾರೆ. ಅಲ್ಲ, ನಮ್ದು ಕಾರಟಗಿ ಹತ್ರ ಹಳ್ಳಿ, ಆದ್ರೆ ನಮ್ಮಪ್ಪ ಈ ಗಾಡಿ ತಗೊಂಡಾಗ ಕೊಪ್ಪಳ ಅನ್ನೋ ಜಿಲ್ಲೆನೇ ಇರ್ಲಿಲ್ಲ, 1997ರಲ್ಲಿ ರಾಯಚೂರಿಂದ ಬೇರೆ ಆಯ್ತು, ಅದಕ್ಕಿಂತ ಒಂದು ವರ್ಷ ಮೊದ್ಲೇ ಜೀಪು ನಮ್ಮ ಅಂಗಳಕ್ಕೆ ಬಂದು ನಿಂತಿತ್ತು. ಆಮೇಲೆ ಜಿಲ್ಲೆ ಬದಲಾಯ್ತು, ತಾಲೂಕು ಬದಲಾಯ್ತು, ನಂಬರ್ ಮಾತ್ರ ಅದೇ.

ಗಾಡಿ ಮಹೀಂದ್ರ ಎಂಎಂ 540, 1990ರ ಮಾಡೆಲ್, ಒಳಗೆ ಪ್ಯೂಜೋ ಡೀಸೆಲ್ ಇಂಜಿನ್, 2112 ಸಿಸಿ. ಕಾಲುವೆ ಕೆಲಸ ಮಾಡಿಸ್ತಿದ್ದ ಒಬ್ಬ ಕಾಂಟ್ರಾಕ್ಟರ್ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆ ವರ್ಷದ ಬ್ಯಾಸಿಗೆ ಭತ್ತದ ದುಡ್ಡು ಪೂರ್ತಿ ಇದಕ್ಕೇ ಹೋಯ್ತು. ಅಮ್ಮನಿಗೆ ಪಡಸಾಲೆಗೆ ಆರ್‌ಸಿಸಿ ಹಾಕಿಸ್ಬೇಕು ಅಂತ ಇತ್ತು, ಅಪ್ಪ ಮಾತ್ರ "ಮಳಿಗಾಲದಾಗ ಹೊಲಕ್ಕ ಹೋಗಾಕ ಗಾಡಿ ಇಲ್ಲಂದ್ರ ಪಡಸಾಲಿ ತಗೊಂಡು ಏನ್ ಮಾಡ್ತಿ" ಅಂದ. ಅಮ್ಮ ಆ ವರ್ಷ ದಸರಾವರೆಗೂ ಜೀಪು ಹತ್ತಲಿಲ್ಲ.

ನಮ್ಮ ಕಡೆ ಜೀಪು ಅನ್ನೋದು ಒಂದು ಕಂಪನಿ ಹೆಸರು ಅಂತ ಯಾರಿಗೂ ಅನ್ಸೋದೇ ಇಲ್ಲ. ಪೊಲೀಸ್ ಜೀಪು, ಎಲೆಕ್ಷನ್ ಜೀಪು, ಕಾಲುವೆ ಸಾಹೇಬ್ರ ಜೀಪು, ಎಲ್ಲವೂ ಜೀಪೇ. 2016ರಲ್ಲಿ ಅಮೆರಿಕಾದ ಅಸಲಿ ಜೀಪ್ ಕಂಪನಿನೇ ಇಂಡಿಯಾಕ್ಕೆ ಬಂತು, ಮರುವರ್ಷ ಪುಣೆ ಹತ್ರ ರಾಂಜನಗಾಂವ್‌ನಲ್ಲಿ ಕಂಪಾಸ್ ಅನ್ನೋ ಗಾಡಿ ಮಾಡೋಕೆ ಶುರು ಮಾಡಿದ್ರು, ಆದ್ರೆ ಗಂಗಾವತಿ ರೋಡಿನಲ್ಲಿ ಕಂಪಾಸ್ ಹೋದ್ರೆ ನಮ್ಮ ಜನ ಅದಕ್ಕೆ ಕಾರು ಅಂತಾರೆ, ನಮ್ಮ ಮಹೀಂದ್ರಕ್ಕೆ ಜೀಪು ಅಂತಾರೆ. ನನ್ನ ಪ್ರಕಾರ ಜನ ಹೇಳೋದ್ರಲ್ಲಿ ತಪ್ಪಿಲ್ಲ, ಯಾಕಂದ್ರೆ ಈ ಎರಡರ ಬೇರೂ ಒಂದೇ, ಬೇರಿನ ಗುಣ ಯಾವುದರಲ್ಲಿ ಜಾಸ್ತಿ ಉಳ್ಕೊಂಡಿದೆ ಅನ್ನೋದು ಹೊಲದಲ್ಲಿ ಇಳಿಸಿದ್ರೆ ಗೊತ್ತಾಗ್ತದೆ.

ಆ ಬೇರಿನ ಕಥೆ ನಾನು ತುಂಬಾ ತಡವಾಗಿ ಓದಿದ್ದು, ಓದಿದ ಮೇಲೆ ನಮ್ಮ ಗಾಡಿ ನೋಡೋ ಕಣ್ಣೇ ಬೇರೆ ಆಯ್ತು. 1940ರಲ್ಲಿ ಯುರೋಪಿನಲ್ಲಿ ಯುದ್ಧ ಜೋರಾಗಿದ್ದಾಗ ಅಮೆರಿಕಾ ಸೈನ್ಯದವ್ರು 135 ಕಂಪನಿಗಳಿಗೆ ಕೇಳಿದ್ರು, ನಾಲ್ಕೂ ಗಾಲಿ ಎಳೆಯೋ, ಹಗುರಾದ, ಎಲ್ಲಿ ಬೇಕಾದ್ರೂ ನುಗ್ಗೋ ಒಂದು ಸಣ್ಣ ಗಾಡಿ ಬೇಕು, ಮೊದಲ ಗಾಡಿ 49 ದಿನದಲ್ಲಿ ತಂದು ನಿಲ್ಲಿಸ್ಬೇಕು ಅಂತ. 49 ದಿನ ಅಂದ್ರೆ ನಮ್ಮಲ್ಲಿ ಭತ್ತ ನಾಟಿ ಮಾಡಿ ಎರಡನೇ ಗೊಬ್ಬರ ಕೊಡೋ ಹೊತ್ತು, ಅಷ್ಟೇ. ಮುಂದೆ ಬಂದಿದ್ದು ಎರಡೇ ಕಂಪನಿ, ಅದರಲ್ಲಿ 49 ದಿನಕ್ಕೆ ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನ ಬ್ಯಾಂಟಮ್, ಆಗ್ಲೇ ನಷ್ಟದಲ್ಲಿದ್ದ ಸಣ್ಣ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಅನ್ನೋ ಇಂಜಿನಿಯರ್ ಎರಡು ದಿನದಲ್ಲಿ ನಕ್ಷೆ ಬರೆದು ಮುಗಿಸಿದ. ಸೆಪ್ಟೆಂಬರ್ 23ರಂದು ಗಡುವು ಮುಗಿಯೋಕೆ ಅರ್ಧ ಗಂಟೆ ಇರುವಾಗ ಗಾಡಿ ಮೇರಿಲ್ಯಾಂಡಿನ ಸೈನ್ಯದ ಕ್ಯಾಂಪಿಗೆ ಬಂದು ನಿಂತಿತು.

ಆಮೇಲೆ ಆಗಿದ್ದು ಓದಿದ್ರೆ ನಂಗೆ ಈಗ್ಲೂ ಹೊಟ್ಟೆ ಉರೀತದೆ. ಬ್ಯಾಂಟಮ್‌ಗೆ ಅಷ್ಟೊಂದು ಗಾಡಿ ಮಾಡೋ ತಾಕತ್ತಿಲ್ಲ ಅಂತ ಅವರ ನಕ್ಷೆನ ವಿಲ್ಲೀಸ್ ಮತ್ತೆ ಫೋರ್ಡ್ ಅನ್ನೋ ಕಂಪನಿಗಳ ಕೈಗೆ ಕೊಟ್ರು. ವಿಲ್ಲೀಸ್ ಇಂಜಿನ್ 60 ಹಾರ್ಸ್‌ಪವರ್, ಮೂರರಲ್ಲಿ ಅದೇ ಗಟ್ಟಿ, ಹಂಗಾಗಿ ದೊಡ್ಡ ಆರ್ಡರ್ ವಿಲ್ಲೀಸ್‌ಗೆ ಹೋಯ್ತು, ಅದೇ ಡಿಸೈನಿನಲ್ಲಿ ಫೋರ್ಡ್ ಕೂಡ ಮಾಡಿತು, ಯುದ್ಧ ಮುಗಿಯೋ ಹೊತ್ತಿಗೆ ಎರಡೂ ಸೇರಿ ಆರು ಲಕ್ಷದ ಮೇಲೆ. ಬ್ಯಾಂಟಮ್ ಮಾಡಿದ್ದು ಮೂರು ಸಾವಿರವೂ ಮುಟ್ಟಲಿಲ್ಲ, ಉಳಿದ ಯುದ್ಧವೆಲ್ಲ ಜೀಪಿನ ಹಿಂದೆ ಕಟ್ಟೋ ಟ್ರೇಲರ್ ಮಾಡ್ಕೊಂಡು ಕೂತ್ರು. ಬಿತ್ತಿದವ್ನು ಒಬ್ಬ, ರಾಶಿ ಮಾಡಿದವ್ನು ಇನ್ನೊಬ್ಬ. ಇನ್ನೊಂದು ಹೇಳ್ಬೇಕು, ಜಿಪಿ ಅಂದ್ರೆ ಜನರಲ್ ಪರ್ಪಸ್, ಅದರಿಂದಾನೇ ಜೀಪ್ ಆಯ್ತು ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಫೋರ್ಡ್‌ನವ್ರ ಲೆಕ್ಕದಲ್ಲಿ ಜಿ ಅಂದ್ರೆ ಗವರ್ನಮೆಂಟ್ ಗಾಡಿ, ಪಿ ಅಂದ್ರೆ 80 ಇಂಚು ವೀಲ್‌ಬೇಸಿನ ಗುರುತು.

ನಮ್ಮ ದೇಶಕ್ಕೆ ಬಂದಿದ್ದು ಹೆಂಗೆ ಅಂದ್ರೆ, 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅಣ್ಣತಮ್ಮಂದಿರು ಮತ್ತೆ ಮಲಿಕ್ ಗುಲಾಂ ಮೊಹಮ್ಮದ್ ಸೇರಿ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಕಂಪನಿ ಕಟ್ಟಿದ್ರು, ಉಕ್ಕಿನ ವ್ಯಾಪಾರ. ದೇಶ ಎರಡಾಯ್ತು, ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು, 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ವಿಲ್ಲೀಸ್ ಜೀಪುಗಳು ಬಿಡಿ ಭಾಗವಾಗಿ ಹಡಗಿನಲ್ಲಿ ಬಾಂಬೆಗೆ ಬರ್ತಿದ್ವು, ಇಲ್ಲಿ ಜೋಡಿಸ್ತಿದ್ರು, ನಿಧಾನಕ್ಕೆ ಒಂದೊಂದೇ ಭಾಗ ಇಲ್ಲೇ ಮಾಡೋಕೆ ಕಲಿತ್ರು. 1953ರಲ್ಲಿ ಅಮೆರಿಕಾದಲ್ಲಿ ಸಿಜೆ-3ಬಿ ಅಂತ ಹೊಸ ವಿಲ್ಲೀಸ್ ಜೀಪು ಬಂತು, ಬಾನೆಟ್ ಎತ್ತರ ಇರೋದು, ಒಳಗಿನ ಹೊಸ ಇಂಜಿನ್ ಎತ್ತರ ಆಗಿದ್ದಕ್ಕೆ ಬಾನೆಟ್ ಎತ್ತಿದ್ದು ಅಷ್ಟೇ. ಅಲ್ಲಿ ಅದು 1968ಕ್ಕೇ ನಿಂತೋಯ್ತು, ನಮ್ಮಲ್ಲಿ ಮಾತ್ರ ಆ ಎತ್ತರದ ಮೂತಿ ಆಮೇಲೂ ಎಷ್ಟೋ ವರ್ಷ ಓಡಾಡ್ತು. ನಮ್ಮ ತುಂಗಭದ್ರಾ ಡ್ಯಾಮು ಮುಗಿದದ್ದೂ ಅದೇ 1953ರಲ್ಲಿ. ಎಡದಂಡೆ ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆ ಆದ ಮೇಲೆ ಈ ಕಡೆ ಜೀಪಿನ ಅವಶ್ಯಕತೆ ಜಾಸ್ತಿ ಆಯ್ತು ಅಂತ ಅಪ್ಪ ಹೇಳ್ತಾನೆ, ನೀರು ಬಂದ್ರೆ ಕೆಸರೂ ಬರ್ತದೆ.

ಎರೆ ಮಣ್ಣು ನೋಡದವ್ರಿಗೆ ಈ ಮಾತು ತಿಳಿಯಲ್ಲ. ಬ್ಯಾಸಿಗೇಲಿ ಕೈ ಒಳಗೆ ಹೋಗುವಷ್ಟು ಬಿರುಕು ಬಿಟ್ಟಿರೋ ನೆಲ, ಒಂದು ಮಳೆ ಬಿದ್ರೆ ನೀರು ಕುಡಿದು ಉಬ್ಬಿ ಬೆಣ್ಣೆ ಆಗ್ತದೆ, ಚಪ್ಪಲಿ ಒಂದೊಂದು ಕೇಜಿ ಆಗ್ತವೆ, ಬೈಕಿನ ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಗಾಲಿ ತಿರುಗೋದೇ ನಿಲ್ತದೆ. ಇಂಥಾ ಕಡೆ ಅಗಲ ಟೈರು ಚೆಂದ ಕಾಣ್ತದೆ ಹೊರ್ತು ಕೆಲಸಕ್ಕೆ ಬರಲ್ಲ. ಹಳೇ ಜೀಪಿನ ಸಣ್ಣ ಟೈರು ಮೇಲಿನ ಮೆತ್ತನೆ ಮಣ್ಣು ಕತ್ತರಿಸ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡೀತದೆ, ಅದನ್ನ ನಮ್ಮಪ್ಪ ಯಾವ ಪುಸ್ತಕ ನೋಡದೇ ಕಲಿತಿದ್ದು.

ನಾನು ಮೊದಲ ಸಲ ಒಬ್ನೇ ಓಡಿಸ್ಕೊಂಡು ಹೋಗಿ ಸಿಕ್ಕಾಕೊಂಡಿದ್ದು ಪಿಯುಸಿ ಓದುವಾಗ. ಇಳಿದು ಮುಂದಿನ ಗಾಲಿಗಳನ್ನ ಇಂಜಿನ್ನಿಗೆ ಸೇರಿಸೋ ಹಬ್ ಲಾಕ್ ತಿರುಗಿಸಿದೆ, ಫೋರ್ ಹಾಕಿದೆ, ಎಕ್ಸಲರೇಟರ್ ಒತ್ತಿದೆ, ಮುಂದಿನದೊಂದು ಹಿಂದಿನದೊಂದು ಗಾಲಿ ಗಿರಗಿರ ತಿರುಗಿದ್ವು, ಉಳಿದೆರಡು ಸುಮ್ನೆ ನಿಂತಿದ್ವು. ಫೋರ್ ಅಂದ್ರೆ ನಾಲ್ಕೂ ಗಾಲಿ ಎಳೀತಾವೆ ಅನ್ನೋದು ಪೂರ್ತಿ ನಿಜ ಅಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೆ ಅಂತ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರ್ತದೆ, ಅದು ಒಂದು ಗಾಲಿ ಜಾರಿದ್ರೆ ಶಕ್ತಿನೆಲ್ಲ ಆ ಜಾರೋ ಗಾಲಿಗೇ ಬಿಟ್ಟುಕೊಡ್ತದೆ. ಅಪ್ಪ ಬಂದ, ಬೈಲಿಲ್ಲ, ಹತ್ತಿಕಟ್ಟಿಗೆ ತಂದು ಜಾರ್ತಿದ್ದ ಗಾಲಿ ಕೆಳಗೆ ತುರುಕಿದ, ಸಣ್ಣ ಲಿವರ್ ಲೋಗೆ, ಅಂದ್ರೆ ನಿಧಾನಕ್ಕೆ ಜೋರಾಗಿ ಎಳೆಯೋ ಕಡೆ ಹಾಕಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ, ಎಕ್ಸಲರೇಟರ್ ಮೇಲೆ ಕಾಲೇ ಇಡಲಿಲ್ಲ. ಇಂಜಿನ್ ಗುಡುಗುಡು ಅನ್ಕೊಂಡು ಎತ್ತಿನ ನಡಿಗೇಲಿ ಗಾಡಿನ ಎಳ್ಕೊಂಡು ಹೊರಗೆ ಬಂತು. "ಗಾಡಿಗಿ ಅವಸರ ಮಾಡಬ್ಯಾಡ, ಅದು ತಾನ ಹೋಗ್ತೈತಿ" ಅಂದ, ಅಷ್ಟೇ.

2009ರ ಅಕ್ಟೋಬರ್ ಮಳೆ ಈ ಭಾಗದಲ್ಲಿ ಯಾರೂ ಮರೆಯಲ್ಲ. ಮೂರು ದಿನ ಬಿಡದೇ ಸುರೀತು, ರಾಯಚೂರು ಕೊಪ್ಪಳ ಬಳ್ಳಾರಿ ಬಾಗಲಕೋಟೆ ವಿಜಾಪುರ ಎಲ್ಲಾ ಕಡೆ ಮಣ್ಣಿನ ಮನೆಗಳು ಕುಂತೋದ್ವು. ನಮ್ಮ ಚಿಕ್ಕಮ್ಮನ ಊರು ಸಿಂಧನೂರು ಕಡೆ, ಹಳ್ಳದ ದಂಡೆ ಮೇಲೆ, ಹಿಂದಿನ ಗೋಡೆ ಬಿದ್ದೋಯ್ತು ಅಂತ ಫೋನು ಬಂತು, ಆಮೇಲೆ ಫೋನೂ ಸತ್ತೋಯ್ತು. ಅಪ್ಪ ನಾನು ಹೊರಟ್ವಿ. ಆ ಊರಿನ ಹತ್ರ ರೋಡಿನ ಮೇಲೆ ನೀರು ನಿಂತಿತ್ತು, ಹರಿಯೋ ನೀರಲ್ಲ, ಗದ್ದೆ ತುಂಬಿ ರೋಡಿಗೆ ಏರಿದ್ದು, ತೊಡೆ ಮಟ್ಟ. ಹರಿಯೋ ನೀರಾಗಿದ್ರೆ ಅಪ್ಪ ಇಳಿಸ್ತಿರಲಿಲ್ಲ, ಹಳ್ಳದ ನೀರಿಗೆ ಯಾವ ಗಾಡಿನೂ ಲೆಕ್ಕ ಇಲ್ಲ. ಅಪ್ಪ ಮೊದ್ಲು ಕೋಲು ಹಿಡ್ಕೊಂಡು ನಡೆದು ನೋಡಿ ಬಂದ, ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಬಿಚ್ಚಿದ, ಯಾಕಂದ್ರೆ ಫ್ಯಾನು ನೀರು ಎತ್ತಿ ಇಂಜಿನ್ ಮೇಲೆಲ್ಲ ಚಿಮ್ಮಿಸ್ತದೆ. ಈ ಇಂಜಿನ್ನಿಗೆ ಒಂದು ಸಲ ಸ್ಟಾರ್ಟ್ ಆದ್ಮೇಲೆ ಕರೆಂಟೇ ಬೇಕಾಗಿಲ್ಲ, ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್, ಗಾಳಿ ಎಳ್ಕೊಳ್ಳೋ ಬಾಯಿ ಒಣಗಿದ್ರೆ ಸಾಕು, ಅಲ್ಲಿ ನೀರು ಹೋದ್ರೆ ಮಾತ್ರ ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ ಮುಗೀತು. ಲೋ ಎರಡನೇ ಗೇರು, ನಿಲ್ಲಿಸದೇ, ಜೋರೂ ಮಾಡದೇ ಹೋದ್ವಿ, ಮುಂದೆ ನೀರು ಅಲೆ ಆಗಿ ಸರೀತಾ ಇತ್ತು. ಚಿಕ್ಕಮ್ಮ, ಎರಡು ಮಕ್ಕಳು, ಒಂದು ಜೋಳದ ಚೀಲ, ಹುಟ್ಟಿ ಹತ್ತು ದಿನದ ಎಮ್ಮೆ ಕರು, ಇಷ್ಟನ್ನ ಹಾಕ್ಕೊಂಡು ವಾಪಸ್ ಬಂದ್ವಿ. ಬರ್ತಾ ಡ್ರಮ್ ಬ್ರೇಕು ಒದ್ದೆಯಾಗಿ ಹಿಡೀತಾನೇ ಇರ್ಲಿಲ್ಲ, ಅಪ್ಪ ಎಡಗಾಲಲ್ಲಿ ಬ್ರೇಕ್ ಸ್ವಲ್ಪ ಒತ್ಕೊಂಡೇ ಎರಡು ಕಿಲೋಮೀಟರ್ ಓಡಿಸಿ ಒಣಗಿಸಿದ. ಮರುದಿನ ಡಿಫರೆನ್ಷಿಯಲ್ ಹೌಸಿಂಗಿನ ಆಯಿಲ್ ಬಿಚ್ಚಿದ್ರೆ ಹಾಲು ಹಾಕಿದ ಚಹಾ ಇದ್ದಂಗಿತ್ತು, ನೀರು ಸೇರಿತ್ತು, ಪೂರ್ತಿ ಬದಲಾಯಿಸಿದ್ವಿ. ನೀರಲ್ಲಿ ಇಳಿಸಿದವ್ರು ಇದೊಂದನ್ನ ಮರೀಬಾರ್ದು, ಗಾಡಿ ಓಡ್ತಾ ಇದೆ ಅಂತ ಸುಮ್ನಿದ್ರೆ ಮೂರು ತಿಂಗಳಿಗೆ ಅದರೊಳಗಿನ ಹಲ್ಲಿನ ಗಾಲಿಗಳು, ಕ್ರೌನ್ ಪಿನಿಯನ್, ಕೂಗೋಕೆ ಶುರು ಮಾಡ್ತದೆ.

ಆ ಕರು ಆಮೇಲೆ ನಮ್ಮಲ್ಲೇ ಉಳೀತು. ಅಮ್ಮ ಜೀಪಿನ ಬಗ್ಗೆ ಒಂದು ಮಾತೂ ಅಂದಿಲ್ಲ ಅವತ್ತಿಂದ.

ಇಟ್ಕೊಳ್ಳೋ ಕಷ್ಟನೂ ಹೇಳ್ತೀನಿ. ಇದು ಹೈವೇ ಗಾಡಿ ಅಲ್ಲ, 60ರ ಮೇಲೆ ನಾನು ಓಡಿಸಲ್ಲ, ಲೀಟರಿಗೆ ಹತ್ತು ಹನ್ನೊಂದು ಕೊಡ್ತದೆ, ಕಮಾನು ಪಟ್ಟಿ ಗಟ್ಟಿ ಇರೋದು ಭಾರ ಹೊರೋಕೆ, ಖಾಲಿ ಗಾಡೀಲಿ ಕೂತ್ರೆ ಸೊಂಟಕ್ಕೆ ಗೊತ್ತಾಗ್ತದೆ. ಚಳಿಗಾಲದಲ್ಲಿ ಹೀಟರ್ ಪ್ಲಗ್ ಕಾಯೋವರೆಗೂ ತಾಳ್ಮೆ ಬೇಕು, ಕೀ ಅರ್ಧ ತಿರುಗಿಸಿ ಹತ್ತು ಎಣಿಸ್ಬೇಕು. ಡೀಸೆಲ್ ಪೂರ್ತಿ ಖಾಲಿ ಮಾಡಿದ್ರೆ ಲೈನು ಏರ್ ಹಿಡೀತದೆ, ಫಿಲ್ಟರ್ ಮೇಲಿನ ನಟ್ಟು ಸಡಿಲ ಮಾಡಿ ಕೈಪಂಪು ಒತ್ತಿ ಗುಳ್ಳೆ ನಿಲ್ಲೋವರೆಗೂ ಬಿಡ್ಬೇಕು, ಹತ್ತು ನಿಮಿಷದ ಕೆಲಸ, ಒಂದು ಪಾನಾ ಸಾಕು. 15 ವರ್ಷ ದಾಟಿದ ಮೇಲೆ ಪ್ರತಿ ಐದು ವರ್ಷಕ್ಕೆ ನೋಂದಣಿ ಹೊಸದು ಮಾಡಿಸ್ಬೇಕು, ಅದರ ಫೀಸು 600 ಇದ್ದದ್ದು 2022ರ ಏಪ್ರಿಲಲ್ಲಿ 5,000 ಆಗಿತ್ತು. ಮಧ್ಯೆ ಒಂದು ಸಲ ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸಿಗೆ ತಪ್ಪು ಆಯಿಲ್ ಹಾಕಿಸ್ಕೊಂಡು ಅನುಭವಿಸಿದ್ವಿ, ಅವತ್ತಿಂದ ಆಯಿಲ್ ಕೆಲಸ ಮನೇಲೇ.

2021ರಲ್ಲಿ ನಮ್ಮ ಮನೆ ಅಳಿಯ ಮಹೀಂದ್ರದ ಹೊಸ ಥಾರ್ ತಗೊಂಡ, ಡೀಸೆಲ್. 2010ರಲ್ಲಿ ಬಂದ ಮೊದಲ ಥಾರ್ ಇನ್ನೂ ನಮ್ಮ ಗಾಡಿ ತಮ್ಮನ ಹಾಗೇ ಇತ್ತು, 2020ರ ಅಕ್ಟೋಬರ್ 2ಕ್ಕೆ ಬಂದದ್ದು ಪೂರ್ತಿ ಹೊಸದು. ಆನೆಗುಂದಿ, ಸಾಣಾಪುರ ಕೆರೆ ಕಡೆಯೆಲ್ಲ ಸುತ್ತಾಡಿದ್ವಿ, ಬಂಡೆ ದಾರೀಲಿ ನಮ್ಮ ಜೀಪು ಕುಣಿಸೋ ಕಡೆ ಅದು ಸುಮ್ನೆ ದಾಟ್ತದೆ. ಕೆಳಗೆ 226 ಮಿಲಿಮೀಟರ್ ಜಾಗ, 650 ಮಿಲಿಮೀಟರ್ ನೀರಿಗೆ ಇಳೀಬಹುದು ಅಂತ ಕಂಪನಿನೇ ಹೇಳ್ತದೆ. ಹಿಂದಿನ ಆಕ್ಸಲ್‌ನಲ್ಲಿ ಲಾಕ್ ಆಗೋ ಡಿಫರೆನ್ಷಿಯಲ್, ಒಂದು ಗಾಲಿ ಜಾರಿದ್ರೆ ತಾನೇ ಕಚ್ಚಿ ಇನ್ನೊಂದಕ್ಕೂ ಶಕ್ತಿ ಕೊಡ್ತದೆ, ನಾನು ಪಿಯುಸಿಯಲ್ಲಿ ಹೂತ್ಕೊಂಡ ಅದೇ ಬದುವಿನ ಹತ್ರ ಇಳಿಸಿ ನೋಡಿದ್ವಿ, ಕಟ್ಟಿಗೆ ಬೇಕಾಗಲಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಡಿಕ್ಕಿ ಪರೀಕ್ಷೇಲಿ ನಾಲ್ಕು ಸ್ಟಾರ್. ಮಕ್ಕಳನ್ನ ಕರ್ಕೊಂಡು ಹೊಸಪೇಟೆ ಹೈವೇ ಮೇಲೆ ಹೋಗೋದಾದ್ರೆ ನಾನು ಅದನ್ನೇ ಕೇಳ್ತೀನಿ, ನಮ್ಮ ಜೀಪು ಮನೇಲಿ ಬಿಟ್ಟು ಹೋಗ್ತೀನಿ, ಇದರಲ್ಲಿ ನಂಗೆ ಎರಡು ಮಾತಿಲ್ಲ.

ಥಾರ್ ಮೊದಲ ಸಲ ಅಂಗಳಕ್ಕೆ ಬಂದಾಗ ಅಪ್ಪ ಸುತ್ತ ಒಂದು ಸಲ ನಡೆದು ನೋಡಿದ, ಬಾನೆಟ್ ತೆಗೆಸಿದ, ಬಗ್ಗಿ ತುಂಬಾ ಹೊತ್ತು ನೋಡಿದ. "ಏರ್ ಹಿಡದ್ರ ಎಲ್ಲಿ ಬಿಡಸ್ತಾರ್ಪಾ ಇದಕ್ಕ?" ಅಂತ ಕೇಳಿದ. ಅಳಿಯ, ಮಾವಾ, ಶೋರೂಮಿಗೆ ಒಯ್ಬೇಕು, ಲ್ಯಾಪ್‌ಟಾಪ್ ಹಚ್ಚಿ ನೋಡ್ತಾರೆ ಅಂದ. ಅಪ್ಪ ಹೂಂ ಅಂದು ಬಾನೆಟ್ ನಿಧಾನಕ್ಕೆ ಮುಚ್ಚಿದ.

ಈಗ ಅಪ್ಪನಿಗೆ 74, ಮಂಡಿ ನೋವು, ಜೀಪು ಹತ್ತೋಕೆ ಕಾಲು ಎತ್ತೋದು ಆಗ್ತಿರಲಿಲ್ಲ, ಒಂದು ವರ್ಷದಿಂದ ಡ್ರೈವರ್ ಸೀಟಿಗೆ ಕೂತಿರಲಿಲ್ಲ. ಹೋದ ವಾರ ಕಾರಟಗಿಯಲ್ಲಿ ವೆಲ್ಡಿಂಗ್ ಮಾಡಿಸಿ ಬಲಗಡೆ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಿದೆ. ಮೊನ್ನೆ ಸಂಜೆ ಅಪ್ಪ ಅದರ ಮೇಲೆ ಕಾಲಿಟ್ಟು ನೋಡಿದ, ಗಟ್ಟಿ ಇದೆಯಾ ಅಂತ ಎರಡು ಸಲ ತುಳಿದ, ಹತ್ತಿ ಕೂತ. ಕೀ ಅರ್ಧ ತಿರುಗಿಸಿ ಎಣಿಸ್ತಾ ಇದ್ದದ್ದು ತುಟಿ ನೋಡಿದ್ರೆ ಗೊತ್ತಾಗ್ತಿತ್ತು, ನಾನೂ ಮನಸ್ಸಲ್ಲೇ ಎಣಿಸ್ದೆ, ಹತ್ತಕ್ಕೆ ಸರಿಯಾಗಿ ಸೆಲ್ಫ್ ಹೊಡೆದ. ಕಾಲುವೆ ತಿರುವಿನವರೆಗೂ ಹೋಗಿ ಬಂದ, ಎರಡನೇ ಗೇರಿನಲ್ಲೇ.