‘ಮದರ್ ಟೈರ್ಡ್’ ಅಂದ ಆ ಡ್ರೈವರ್

ಇಸ್ತಾಂಬುಲ್‌ನಲ್ಲಿ ಟ್ಯಾಕ್ಸಿ ಡ್ರೈವರೊಬ್ಬ ನಮಗೆ ಮೋಸ ಮಾಡಿದ್ದರ ಬಗ್ಗೆ ನಿನ್ನೆ ರಾತ್ರಿ ಮೈದುನ ಫೋನಿನಲ್ಲಿ ಆಡಿದ ಮಾತು ಇನ್ನೂ ಉರಿಯುತ್ತಿದೆ. "ನಾನಾಗಿದ್ರೆ ಬಿಡ್ತಾನೇ ಇರ್ಲಿಲ್ಲ ಅತ್ತಿಗೆ. ಅಣ್ಣ ಯಾವಾಗ್ಲೂ ಹೀಗೇ, ಕೇಳಿದಷ್ಟು ಕೊಟ್ಟು ಬಂದುಬಿಡ್ತಾನೆ." ಫೋನ್ ಸ್ಪೀಕರಿನಲ್ಲಿತ್ತು. ಇವರು ಏನೂ ಹೇಳದೆ ಎದ್ದು ಬಾಲ್ಕನಿಗೆ ಹೋದರು. ಮೈದುನ ಒಳ್ಳೆಯ ಹುಡುಗ. ಆದರೆ ಅವನು ಇದುವರೆಗೆ ಒಬ್ಬನೇ ಬ್ಯಾಗು ಹಾಕಿಕೊಂಡು ಸುತ್ತಿದವನು. ವಯಸ್ಸಾದ ತಾಯಿಯನ್ನೂ ಏಳು ವರ್ಷದ ಮಗುವನ್ನೂ ಕಟ್ಟಿಕೊಂಡು ಗೊತ್ತಿಲ್ಲದ ಊರಲ್ಲಿ ಬೆಳಗಿನ ಜಾವ ಇಳಿದವನಲ್ಲ.

ನಾವು ಟರ್ಕಿಯ ಕಪ್ಪಡೋಕಿಯಾದಿಂದ ರಾತ್ರಿ ಬಸ್ಸಿನಲ್ಲಿ ಇಸ್ತಾಂಬುಲ್‌ಗೆ ಬಂದಿದ್ದೆವು. ಎಸೆನ್ಲೆರ್ ಬಸ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಕತ್ತಲು. ಅಲ್ಲೇ ಮೆಟ್ರೋ ಇದೆ, ಆದರೆ ಶುರುವಾಗುವುದು ಆರು ಗಂಟೆಗೆ. ಆಮೇಲೆ ಇಳಿದು ಟ್ರಾಮ್ ಹಿಡಿಯಬೇಕು. ಅತ್ತೆಯ ಮಂಡಿ ರಾತ್ರಿಯೆಲ್ಲ ಮಡಚಿಕೊಂಡು ಕೂತು ಬಾತುಹೋಗಿತ್ತು. ಹಾಗಾಗಿ ಹಳದಿ ಟ್ಯಾಕ್ಸಿ ಹಿಡಿದೆವು. ಸೂಟ್‌ಕೇಸುಗಳೆಲ್ಲ ಡಿಕ್ಕಿಗೆ ಹೋದವು. ಅತ್ತೆಯ ಶುಗರ್, ಬಿಪಿ ಮಾತ್ರೆಗಳೂ ಅದರಲ್ಲೇ.

ಡ್ರೈವರ್ ಬಹಳ ಸ್ನೇಹದಿಂದ ಮಾತಾಡಿದ. ಮೀಟರನ್ನೂ ತಾನಾಗಿಯೇ ಹಾಕಿದ. ಹಳೆಯ ಕೋಟೆಗೋಡೆ ದಾಟುವಾಗ ಕೈ ತೋರಿಸಿ "ಫಾತಿಹ್ ಸುಲ್ತಾನ್ ಮೆಹ್ಮೆತ್! 1453!" ಅಂದ. ಆಟೋಮನ್ನರು ಒಡೆದು ಊರೊಳಗೆ ನುಗ್ಗಿದ ಗೋಡೆ ಅದು. ಮಗಳು ಕಿಟಕಿಗೆ ಮುಖ ಒತ್ತಿ ನೋಡಿದಳು. ಆಮೇಲೆ ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಾ ಒಂದೊಂದೇ ಕೇಳಿದ. ಇಸ್ತಾಂಬುಲ್ ಫಸ್ಟ್ ಟೈಮ್? ಒಬ್ಬಳೇ ಮಗಳಾ? ಮುಂಜಾನೆ ಎಲ್ಲಿಂದ ಬಂದಿರಿ? ಕಾಲು ನೀವಿಕೊಳ್ಳುತ್ತಿದ್ದ ಅತ್ತೆಯನ್ನು ತೋರಿಸಿ, "ಮದರ್? ಮದರ್ ಗುಡ್?" ಅಂತಲೂ ಕೇಳಿದ.

ಅತ್ತೆಗೆ ಅಷ್ಟು ಅರ್ಥವಾಯಿತು. "ಚೆನ್ನಾಗಿದೀನಪ್ಪ, ಮಂಡಿನೋವು ಅಷ್ಟೇ" ಅಂತ ಕನ್ನಡದಲ್ಲೇ ಹೇಳಿ ನಕ್ಕರು.

ಈ ಮಾತನ್ನು ಆವತ್ತಿನಿಂದ ಎಷ್ಟು ಸಲ ತಲೆಯಲ್ಲಿ ತಿರುಗಿಸಿದ್ದೇನೋ. ಆಗ ನನಗೆ ಅದು ಅಕ್ಕರೆಯಂತೆ ಕೇಳಿತ್ತು.

ಸುಲ್ತಾನಹ್ಮೆತ್ ಹತ್ತಿರ ಒಂದು ಇಳಿಜಾರು ಗಲ್ಲಿಯಲ್ಲಿ ಟ್ಯಾಕ್ಸಿ ನಿಂತಿತು. ಹೋಟೆಲ್ ಇನ್ನೂ ಸ್ವಲ್ಪ ಮುಂದಿತ್ತು. ಮೀಟರ್ 560ರ ಆಸುಪಾಸು ತೋರಿಸುತ್ತಿತ್ತು. ಇವರು 200 ಲೀರಾದ ಮೂರು ನೋಟು ಕೊಟ್ಟರು. ಅವನು ಕೈ ಕೆಳಗೆ ಇಳಿಸಿದ. ಮತ್ತೆ ಮೇಲೆತ್ತಿದಾಗ ಕೈಯಲ್ಲಿ 200ರ ಒಂದು ನೋಟು, 5ರ ಎರಡು ನೋಟು. "ದಿಸ್ ಫೈವ್. ದಿಸ್ ಫೈವ್" ಅಂದ, ನಾವು ಕೊಟ್ಟಿದ್ದೇ ಅವು ಅನ್ನುವ ಹಾಗೆ. ದನಿ ಆಗಲೇ ಬದಲಾಗಿತ್ತು.

ನಮ್ಮ ಹತ್ತಿರ 5ರ ನೋಟೇ ಇರಲಿಲ್ಲ. ಹಿಂದಿನ ಸಂಜೆ ಎಟಿಎಮ್ಮಿನಿಂದ ಬಂದಿದ್ದು ಬರೀ 200ರ ನೋಟುಗಳು. ಆದರೂ ಇವರು ಒಂದು ಕ್ಷಣ ಪರ್ಸ್ ತೆಗೆದು ನೋಡಿದರು. ಆ ತಂತ್ರ ನಿಂತಿರುವುದೇ ಆ ಒಂದು ಕ್ಷಣದ ಅನುಮಾನದ ಮೇಲೆ. ಟರ್ಕಿಯ ಎಲ್ಲ ನೋಟುಗಳ ಮೇಲೂ ಆ ಗಣರಾಜ್ಯ ಕಟ್ಟಿದ ಅತಾತುರ್ಕ್ ಮುಖವೇ ಇರುತ್ತದೆ. 5ರ ನೋಟು ಮೊದಲು ಕಂದು ಬಣ್ಣದ್ದಾಗಿತ್ತು. 50ರ ನೋಟಿನ ಜೊತೆ ಗೊಂದಲ ಆಗುತ್ತದೆ ಅಂತ 2013ರಲ್ಲಿ ಅದನ್ನು ನೇರಳೆ ಮಾಡಿದರು. ಮಬ್ಬು ಬೆಳಕಿನಲ್ಲಿ, ಆ ಊರಿಗೆ ಹೊಸಬರಾದವರಿಗೆ, 200ರ ತಿಳಿನೇರಳೆಗೂ ಇದಕ್ಕೂ ಥಟ್ಟನೆ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಮಗಳು ಕಂಡಿದ್ದಳು. ಅವನ ಸೀಟಿನ ಹಿಂದೆ ನಿಂತು ಭುಜದ ಮೇಲಿಂದ ಇಣುಕುತ್ತಿದ್ದಳು. "ಅಮ್ಮಾ, ಅಂಕಲ್ ನಮ್ಮ ನೋಟನ್ನ ಕಾಲ ಹತ್ರ ಇಟ್ಕೊಂಡ್ರು" ಅಂದಳು. ಜೋರಾಗಿ, ಕನ್ನಡದಲ್ಲಿ.

ಇವರು ಮುಖ ಕೆಂಪು ಮಾಡಿಕೊಂಡು "ಪೊಲೀಸ್" ಅಂದರು. ನಾನು ಇಳಿದು ಡಿಕ್ಕಿ ಎತ್ತಲು ನೋಡಿದೆ. ತೆಗೆಯಲಾಗಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು. ಅತ್ತೆ, ಮಗಳು ಇನ್ನೂ ಒಳಗೇ ಇದ್ದರು. ನಾನು ತಕ್ಷಣ ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತೆ. ಬಾಗಿಲು ತೆಗೆದಿದ್ದರೆ ಅವನು ಹೊರಡಲಾರ ಅನ್ನುವುದೊಂದೇ ತಲೆಯಲ್ಲಿತ್ತು. ಗಲ್ಲಿಯಲ್ಲಿ ಒಂದು ನರಪಿಳ್ಳೆ ಇಲ್ಲ.

ಅವನು ಕೂಗಾಡಲಿಲ್ಲ. ನಿಧಾನವಾಗಿ ಅತ್ತೆಯ ಕಡೆ ತಿರುಗಿ, ಮತ್ತೆ ಇವರ ಕಡೆ ತಿರುಗಿ, "ಮದರ್ ಟೈರ್ಡ್. ಯು ಪೇ, ಐ ಓಪನ್" ಅಂದ.

ಇವರು ಇನ್ನೆರಡು ನೋಟು ಕೊಟ್ಟರು. ಡಿಕ್ಕಿ ತೆರೆಯಿತು. ಸೂಟ್‌ಕೇಸ್ ಇಳಿಸಿಕೊಳ್ಳುವಷ್ಟರಲ್ಲಿ ಅವನು ಹೊರಟೂ ಹೋದ.

ಕಳೆದುಕೊಂಡಿದ್ದು 400 ಲೀರಾ. 2009ರಲ್ಲಿ 200ರ ನೋಟು ಹೊಸದಾಗಿ ಬಂದಾಗ ಒಂದೊಂದಕ್ಕೂ ನೂರು ಡಾಲರ್‌ಗಿಂತ ಜಾಸ್ತಿ ಬೆಲೆ ಇತ್ತು. ಲೀರಾ ಕುಸಿದು ಕುಸಿದು ಈಗ ಅದು ಐದು ಡಾಲರ್ ಆಗುವುದೂ ಕಷ್ಟ. ಅದಕ್ಕೇ ಕೆಲವರು ‘ಅಷ್ಟು ದುಡ್ಡಿಗಾ ಇಷ್ಟು ಬೇಜಾರು?’ ಅಂತಾರೆ. ಇನ್ನು ಕೆಲವರು ಮೈದುನನ ಥರ, ‘ಬಿಡಬಾರದಿತ್ತು’ ಅಂತಾರೆ. ಇಬ್ಬರೂ ನೋಟನ್ನೇ ನೋಡುತ್ತಿದ್ದಾರೆ. ಡ್ರೈವರ್ ಮಾತ್ರ ಹಿಂದಿನ ಸೀಟು ನೋಡುತ್ತಿದ್ದ.

ಅವನು ಕೇಳಿದ ಪ್ರಶ್ನೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ. ಹೊಸಬರಾ? ರಾತ್ರಿ ನಿದ್ದೆ ಆಗಿದೆಯಾ? ಮಗು ಇದೆಯಾ? ವಯಸ್ಸಾದವರಿಗೆ ನಡೆಯೋಕೆ ಆಗುತ್ತಾ? ಈ ಗಂಡಸು ಜಗಳಕ್ಕೆ ನಿಂತರೆ ಎಷ್ಟು ಹೊತ್ತು ನಿಂತಾನು ಅಂತ ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಾನೆ. ಒಬ್ಬಂಟಿ ಹುಡುಗ ಟ್ಯಾಕ್ಸಿಯ ಮುಂದೆ ಅಡ್ಡ ನಿಂತು ಕಿರುಚಬಹುದು. ಅತ್ತೆಯ ಮಾತ್ರೆ ಡಿಕ್ಕಿಯಲ್ಲಿರುವಾಗ ಇವರು ಕಿರುಚುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಇವರ ಹೆದರಿಕೆಯನ್ನಲ್ಲ, ಇವರಿಗೆ ತಾಯಿಯ ಮೇಲಿರುವ ಪ್ರೀತಿಯನ್ನು ಅವನು ಬಳಸಿಕೊಂಡ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಇವರು ಆ ಗಲ್ಲಿಯಲ್ಲಿ ಮಾಡಿದ್ದು ನೂರಕ್ಕೆ ನೂರು ಸರಿ. ಅಷ್ಟು ಬೇಗ, ಅಷ್ಟು ತಣ್ಣಗೆ ನಿರ್ಧಾರ ಮಾಡುವುದು ಸುಲಭವಲ್ಲ. ಅದನ್ನು ಪುಕ್ಕಲುತನ ಅನ್ನುವವರ ಮೇಲೆ ನನಗೆ ಡ್ರೈವರ್ ಮೇಲಿರುವಷ್ಟೇ ಸಿಟ್ಟಿದೆ.

ಹೋಟೆಲಿನ ಹುಡುಗ ನಮ್ಮ ಮುಖ ನೋಡಿಯೇ ವಿಷಯ ಊಹಿಸಿದ. ಮೊದಲು ಅತ್ತೆಗೆ ಕುರ್ಚಿ ಹಾಕಿ, ಚಹಾ ತಂದುಕೊಟ್ಟ. ಆಮೇಲೆ ನಂಬರ್ ಪ್ಲೇಟ್ ಕೇಳಿದ. ಇಸ್ತಾಂಬುಲ್ ಗಾಡಿಗಳೆಲ್ಲ 34ರಿಂದ ಶುರು, ಟ್ಯಾಕ್ಸಿಯಾದರೆ ಆಮೇಲೊಂದು ‘ಟಿ’. ಉಳಿದಿದ್ದನ್ನು ಮಗಳು ನೆನಪಿಟ್ಟುಕೊಂಡು ಹೇಳಿದಳು. ಅವನೇ ನಗರಪಾಲಿಕೆಯ 153ಕ್ಕೆ ಫೋನ್ ಮಾಡಿ, ಟರ್ಕಿಶ್‌ನಲ್ಲಿ ಎಲ್ಲ ವಿವರಿಸಿ ದೂರು ಬರೆಸಿದ. ಆಮೇಲೆ ಡ್ರೈವರುಗಳ ಕಷ್ಟವನ್ನೂ ಹೇಳಿದ. ಒಂದೂವರೆ ಕೋಟಿ ಜನರ ಊರಿಗೆ ಟ್ಯಾಕ್ಸಿ ಪರ್ಮಿಟ್ಟುಗಳ ಸಂಖ್ಯೆ ದಶಕಗಟ್ಟಲೆ ಹದಿನೇಳು ಸಾವಿರದ ಆಸುಪಾಸಿನಲ್ಲೇ ನಿಂತಿತ್ತಂತೆ. ಪರ್ಮಿಟ್ಟಿನ ಬೆಲೆ ಮನೆಗಿಂತ ಜಾಸ್ತಿ. ಓಡಿಸುವವರು ಅದರ ಮಾಲೀಕರಿಗೆ ದಿನಬಾಡಿಗೆ ಕಟ್ಟಬೇಕು. ಅಷ್ಟು ಹೇಳಿ, "ಆದ್ರೂ ಇದು ಕಳ್ಳತನವೇ ಮೇಡಂ" ಅಂದ. ಆ ಹುಡುಗನ ನೇರ ಮಾತು ನನಗೆ ಬಹಳ ಹಿಡಿಸಿತು.

ಮಗಳಿಗೆ ಮಾತ್ರ ಸಮಾಧಾನವಿಲ್ಲ. "ನಾನು ನೋಡಿದ್ದೆ ಅಂತ ಹೇಳಿದ್ನಲ್ಲ, ಆದ್ರೂ ಅಪ್ಪ ಯಾಕೆ ದುಡ್ಡು ಕೊಟ್ರು?" ಅಂತ ಮೊನ್ನೆ ಮಲಗುವಾಗ ಮತ್ತೆ ಕೇಳಿದಳು. ನೀನು ಹೇಳಿದ್ದು ನಿಜ, ಅಪ್ಪ ನಂಬಿದರು, ಆದರೆ ಆಗ ಅಪ್ಪನಿಗೆ ನೋಟಿಗಿಂತ ಅಜ್ಜಿ ಬೇಕಿತ್ತು ಅಂದೆ. ಸ್ವಲ್ಪ ಯೋಚಿಸಿ, "ಹಂಗಾದ್ರೆ ಅಂಕಲ್ ಅಜ್ಜೀನ ತೋರಿಸಿ ದುಡ್ಡು ತಗೊಂಡ್ರಾ?" ಅಂದಳು. ದೊಡ್ಡವರಿಗೆ ಇಷ್ಟು ದಿನ ಬಿಡಿಸಿ ಹೇಳಿದರೂ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಇನ್ನು ಅತ್ತೆ. "ಪಾಪ, ಅವನಿಗೆ ಏನು ಕಷ್ಟವೋ, ಹೋಗ್ಲಿ ಬಿಡು" ಅಂತಾರೆ. ಅವರ ಮನಸ್ಸೇ ಹಾಗೆ, ಅದು ಅವರಿಗಿರಲಿ. ‘ಚೆನ್ನಾಗಿದೀನಪ್ಪ’ ಅಂತ ಅವನನ್ನು ಮಗನ ಹಾಗೆ ಮಾತಾಡಿಸಿದ್ದರಲ್ಲ, ಅದನ್ನು ಕೇಳಿಸಿಕೊಂಡೂ ಅವನು ಹಾಗೆ ಮಾಡಿದ. ನಾನು ಬಿಡುವುದಿಲ್ಲ. ದೂರು ಏನಾಯಿತು ಅಂತ ವಿಚಾರಿಸಲು ಆ ಹೋಟೆಲಿನ ಹುಡುಗನಿಗೆ ಇವತ್ತು ಬೆಳಿಗ್ಗೆಯೇ ಮೆಸೇಜ್ ಹಾಕಿದ್ದೇನೆ.