ತಾಲೂಕಿನ ಲೆಕ್ಕದಾಗ ತಾಂಡಾ ಕಾಣೂದಿಲ್ಲ

ಉತ್ತರ ಕರ್ನಾಟಕಕ್ಕ ಅನ್ಯಾಯ ಆಗೇತಿ ಅಂತ ನಮ್ಮ ವಿಜಯಪುರದಾಗ ಯಾವ ಚಾದಂಗಡಿ ಮುಂದ ನಿಂತ್ರೂ ಕೇಳಿಸ್ತದ, ನಾನೂ ಅಂತೀನಿ, ಯಾಕಂದ್ರ ಅದು ಖರೇನ ಐತಿ. 2002ರಾಗ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕು ಅಳದು ನೋಡಿ 114 ಹಿಂದುಳಿದಾವ ಅಂತ ವರದಿ ಕೊಟ್ಟಿತ್ತು, ಅದರಾಗ 39 ಅತ್ಯಂತ ಹಿಂದುಳಿದವು, ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ ಆ 39ರಾಗ ಅದಾವ. ಎಂಟು ವರ್ಷದಾಗ 31 ಸಾವಿರ ಕೋಟಿ ಖರ್ಚು ಮಾಡ್ರಿ ಅಂತನೂ ಹೇಳಿತ್ತು.

ಆಮ್ಯಾಲ ಹೈದರಾಬಾದ್ ಕರ್ನಾಟಕಕ್ಕ, ಅಂದ್ರ ಈಗಿನ ಕಲ್ಯಾಣ ಕರ್ನಾಟಕಕ್ಕ, ವಿಶೇಷ ಸವಲತ್ತು ಕೊಡೋ ಸಂವಿಧಾನದ 371ಜೆ ವಿಧಿ ಬಂತು. ಭೀಮಾ ಹೊಳಿ ದಾಟಿದ್ರ ಕಲಬುರಗಿ ಜಿಲ್ಲಾದ ಅಫಜಲಪುರ, ಅಲ್ಲಿ ಹುಡುಗಗ ತನ್ನ ಭಾಗದ ಸಿ ಗ್ರೂಪ್ ನೌಕರಿಯಾಗ 80 ಪರ್ಸೆಂಟ್ ಮೀಸಲು ಐತಿ, ಈ ದಂಡಿ ಇಂಡಿ ಹುಡುಗಗ ಏನೂ ಇಲ್ಲ. ಮಳಿ ಒಂದ, ಬರ ಒಂದ, ಬೆಳಿಯೋ ಜ್ವಾಳ ಒಂದ, ಆದ್ರ ಹಿಂದಕ ಅದು ನಿಜಾಮರ ಕಡೆ ಇತ್ತು, ಇದು ಮುಂಬೈ ಕಡೆ ಇತ್ತು, ಅಷ್ಟ ಫರಕ್.

ಇಷ್ಟೆಲ್ಲಾ ಒಪ್ಪಿದ ಮ್ಯಾಲೂ ನಂಗ ಹೊಟ್ಟ್ಯಾಗ ಸಂಕಟ ಆಗೋದು ಬ್ಯಾರೆ ವಿಷಯಕ್ಕ. ಹಿಂದುಳಿದ ತಾಲೂಕಿನಾಗ ಎಲ್ಲಾರೂ ಒಂದ ಸಮ ಹಿಂದುಳಿದಿಲ್ರಿ. ದೀಪಾವಳಿ ಮುಗೀತಂದ್ರ ನಮ್ಮ ಕಡೆ ಲಂಬಾಣಿಗರ ತಾಂಡಾದಾಗ, ದಲಿತರ ಕೇರ್‍ಯಾಗ ಸಾಲಿಗೆ ಸಾಲು ಮನಿಗೆ ಕೀಲಿ ಬೀಳ್ತದ, ಗಂಡಾ ಹೆಂಡತಿ ಇಬ್ಬರೂ ಕೂಲಿಕಾರರನ್ನ ಕರಕೊಂಡು ಹೋಗೋ ಮುಕಾದಮನ ಕಡೆ ಅಡ್ವಾನ್ಸ್ ತಗೊಂಡು ಕಬ್ಬು ಕಡಿಲಾಕ ಹೋಗ್ತಾರ, ಉಳಿದವ್ರು ಗೋವಾ, ಮಂಗಳೂರು, ಪುಣೆ ಅಂತ ಕಟ್ಟಡದ ಕೆಲಸಕ್ಕ ಹೋಗ್ತಾರ, ಹಿಂದ ಮುದುಕರು ಉಳೀತಾರ, ಸಾಲಿ ಹುಡುಗ್ರು ಒಂದಿಷ್ಟು ಅಜ್ಜಿ ಕಡೆ, ಒಂದಿಷ್ಟು ಅವ್ವನ ಸಂಗಟ ಕಬ್ಬಿನ ಹೊಲದಾಗ. ಅದ ಊರಾಗ ಐವತ್ತು ಎಕರೆ ಇದ್ದ ಮನಿಯವ್ರ ಮಗ ಬೆಂಗಳೂರಾಗ ಇಂಜಿನಿಯರಿಂಗ್ ಓದ್ತಿರ್ತಾನ. ಅವನೂ ಹಿಂದುಳಿದ ತಾಲೂಕಿನವನ, ಇವ್ರೂ ಹಿಂದುಳಿದ ತಾಲೂಕಿನವ್ರ!

ನೀರಾವರಿದೂ ಹಂಗ. ಆಲಮಟ್ಟಿ ಡ್ಯಾಮಿಗೆ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ರು, ನೀರಿನ ಮಟ್ಟ ಈಗೂ 519.6 ಮೀಟರಿಗೆ ನಿಂತೇತಿ, 524ಕ್ಕ ಏರಿಸ್ರಿ ಅಂತ ಕೇಳೋದು ನಮ್ಮ ಹಕ್ಕು, ಅದರಾಗ ಎರಡು ಮಾತಿಲ್ಲ. ಆದ್ರ ಕಾಲುವೆ ನೀರು ಹೊಲಕ್ಕ ಹೋಗ್ತದ. ಮುಳುಗಡೆ ಹೊಲದ ಪರಿಹಾರ ಉತಾರದಾಗ, ಅಂದ್ರ ಪಹಣ್ಯಾಗ, ಹೆಸರಿದ್ದವಗ ಬರ್ತದ. ಹೊಲಾನ ಇಲ್ಲದವಗ ಬರೋದೇನು, ಬಾಜೂ ಹೊಲ ನೀರಾವರಿ ಆದ್ರ ನಾಕು ದಿನ ಕೂಲಿ ಜಾಸ್ತಿ ಸಿಗಬಹುದು, ಅಷ್ಟ. ಹೊಲ ಯಾರಿಗೈತಿ ಯಾರಿಗಿಲ್ಲ ಅನ್ನೋದು ಜಾತಿ ನೋಡಿ ಹೇಳೂವಂಗ ಐತಿ ಇನ್ನೂ, ಇದನ್ನ ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳೂದಿಲ್ಲ.

ಬೆಳಗಾವಿ ಸುವರ್ಣಸೌಧದಾಗ ಚಳಿಗಾಲದ ಅಧಿವೇಶನ ನಡದಾಗ ನಮ್ಮ ಭಾಗದ ಶಾಸಕರು ಬೆಂಗಳೂರಿನ ಮ್ಯಾಲ ಸಿಟ್ಟಾಗಿ ಮಾತಾಡ್ತಾರ. ಮಾತಾಡ್ಲಿ. ಖರೆ ಹೊರಗ ಪ್ರತಿಭಟನೆಗೆ ಕುಂತ ಕೂಲಿಕಾರರು ಕೇಳೋದು ಬ್ಯಾರೆನ, ಊರಾಗ ಬ್ಯಾಸಗಿ ಕೆಲಸ ಕೊಡ್ರಿ, ದುಡ್ಡು ಟೈಮಿಗೆ ಹಾಕ್ರಿ, ನಾವು ದುಡಿಲಾಕ ಹೋದಾಗ ಹುಡುಗ್ರಿಗೆ ಹಾಸ್ಟೆಲ್ ತಗೀರಿ, ತಾಂಡಾ ಮನಿಗೆ ಹಕ್ಕುಪತ್ರ ಕೊಡ್ರಿ.

2024ರಾಗ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವ್ರ ಅಧ್ಯಕ್ಷತೆಯಾಗ ಪ್ರಾದೇಶಿಕ ಅಸಮತೋಲನ ನೋಡಲಾಕ ಸರ್ಕಾರ ಮತ್ತೊಂದು ಸಮಿತಿ ಮಾಡಿತು. ನನಗ ಬೇಕಾಗಿರೋ ಲೆಕ್ಕ ತಾಲೂಕಿನ ಸರಾಸರಿ ಅಲ್ರಿ. ಒಂದು ತಾಲೂಕಿನಾಗ ಎಷ್ಟು ಮನಿಗೆ ಹೊಲ ಇಲ್ಲ, ಎಷ್ಟು ಮನಿ ವರ್ಷಾ ಕೀಲಿ ಹಾಕಿ ಹೋಗ್ತಾವ, ಆ ಮನಿ ಯಾವ ಓಣ್ಯಾಗ ಅದಾವ ಅನ್ನೋದನ್ನ ಊರೂರಿಗೆ ಬರೀಬೇಕು, ರೊಕ್ಕ ಮೊದಲು ಅಲ್ಲಿಗೆ ಹೋಗಬೇಕು.