ಹೊಟ್ಟೆ ಉಬ್ಬಿದ ಬ್ಯಾಟರಿ ಮತ್ತು 54.0

ಮೊಬೈಲ್ ಟವರ್ ಸೈಟುಗಳ ನಿರ್ವಹಣೆ ನಮ್ಮ ಕೆಲಸ. ನಮ್ಮ ಪಿಎಂ (ಪ್ರಿವೆಂಟಿವ್ ಮೇಂಟೆನೆನ್ಸ್) ಆ್ಯಪ್‌ನಲ್ಲಿ ಫ್ಲೋಟ್ ವೋಲ್ಟೇಜ್ ಅಂತ ಒಂದು ಕಾಲಂ ಇದೆ, ಅಂದರೆ ಮೇನ್ಸ್ ಇದ್ದಾಗ ಬ್ಯಾಟರಿ ತುಂಬಿರಲೆಂದು ಕೊಡುವ ವೋಲ್ಟೇಜ್. ಅಲ್ಲಿ 53ಕ್ಕಿಂತ ಕಡಿಮೆ ಹಾಕಿದರೆ ಕೆಂಪು ಗೆರೆ ಬಂದು ‘ಇನ್‌ವ್ಯಾಲಿಡ್’ ಅನ್ನುತ್ತದೆ, ಮುಂದಿನ ಪೇಜಿಗೆ ಬಿಡುವುದಿಲ್ಲ. ಹಾಗಾಗಿ ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರಿನ ಡಿಸ್‌ಪ್ಲೇಯಲ್ಲಿ ಏನೇ ಇರಲಿ, ಎಲ್ಲರೂ 54.0 ಅಂತ ಒತ್ತಿ, ಕ್ಯಾಬಿನೆಟ್ ಮುಂದೆ ನಿಂತು ಸೆಲ್ಫಿ ತೆಗೆದು, ಸಬ್‌ಮಿಟ್ ಮಾಡಿ ಮುಂದಿನ ಸೈಟಿಗೆ ಹೊರಡುತ್ತಾರೆ. ರಾಯಚೂರು ಜಿಲ್ಲೆಯ ಮೇ ತಿಂಗಳ ಬಿಸಿಲಲ್ಲಿ ದಿನಕ್ಕೆ ನಾಲ್ಕೈದು ಸೈಟ್ ಮುಗಿಸಬೇಕಾದವನು ಆ್ಯಪ್ ಜೊತೆ ಜಗಳ ಆಡುತ್ತಾ ಕೂರುವುದಿಲ್ಲ. ನಾನೂ ಕೂತವನಲ್ಲ.

ದೇವದುರ್ಗದ ಕಡೆ ನಮ್ಮದೊಂದು ಹಬ್ ಸೈಟ್ ಇದೆ. ಅದು ಬಿದ್ದರೆ ಮೈಕ್ರೋವೇವ್ ರೇಡಿಯೊ ಲಿಂಕಿನಲ್ಲಿ ಅದರ ಹಿಂದೆ ನೇತುಹಾಕಿಕೊಂಡಿರುವ ಆರೇಳು ಸೈಟುಗಳೂ ಒಟ್ಟಿಗೇ ಬೀಳುತ್ತವೆ. ಶೆಲ್ಟರ್ ಇಲ್ಲ, ಔಟ್‌ಡೋರ್ ಕ್ಯಾಬಿನೆಟ್. ಮೇಲಿನ ಅರೆಯಲ್ಲಿ ಎಸ್‌ಎಂಪಿಎಸ್ (ಮೇನ್ಸನ್ನು ಡಿಸಿ ಮಾಡಿ ಲೋಡಿಗೂ ಬ್ಯಾಟರಿಗೂ ಕೊಡುವ ಪವರ್ ಸಪ್ಲೈ), ಕೆಳಗಿನ ಎರಡು ಟ್ರೇಗಳಲ್ಲಿ ಎ ಮತ್ತು ಬಿ ಅಂತ ಬ್ಯಾಟರಿಗಳ ಎರಡು ಸ್ಟ್ರಿಂಗ್: ಒಂದೊಂದರಲ್ಲಿ 12 ವೋಲ್ಟಿನ, 150 ಎಎಚ್‌ನ ನಾಲ್ಕು ವಿಆರ್‌ಎಲ್‌ಎ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಲಾಕ್, ಸರಣಿಯಲ್ಲಿ ಜೋಡಿಸಿದ್ದು. ಚಳಿಗಾಲದಲ್ಲಿ ಹಳೆಯ ಬ್ಯಾಂಕ್ ಕಿತ್ತು ಹೊಸದು ಹಾಕಿಸಿದ್ದೆವು. ಸುಮಾರು 38 ಆಂಪಿಯರ್ ಲೋಡಿಗೆ ಆರು ತಾಸಾದರೂ ನಿಲ್ಲಬೇಕು. ಬೇಸಿಗೆ ಬರುವಷ್ಟರಲ್ಲಿ ನಮ್ಮ ಟೆಕ್ನಿಷಿಯನ್ ಹುಡುಗ ಫೋನ್ ಮಾಡತೊಡಗಿದ. “ಸರ, ಬ್ಯಾಟ್ರಿ ಹೊಸಾವು ಅದಾವ, ಆದ್ರೂ ಕರೆಂಟ್ ಹೋದ್ರ ಒಂದು ತಾಸಿಗೆ ಸೈಟ್ ಬೀಳಕತ್ತದ.”

ಎಂಥದೋ ಲಾಟ್ ಬಂದಿದೆ, ವಾರಂಟಿ ಕ್ಲೇಮ್ ಹಾಕೋಣ ಅಂದೆ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿಯೂ ಇದ್ದೆ. ಮಧ್ಯಾಹ್ನ, ಮೇನ್ಸ್ ಇತ್ತು, ಡಿಸ್‌ಪ್ಲೇಯಲ್ಲಿ 51.6. ಹುಡುಗ “ಕಡಿಮಿ ಆತಲ್ರೀ ಸರ?” ಅಂದ. “ಟೆಂಪರೇಚರ್ ಕಾಂಪ್ ಕೆಲಸ ಮಾಡ್ತಿದೆಯಪ್ಪ, ಬಿಸಿಲು ನೋಡು” ಅಂತ ಪಾಠ ಹೇಳಿ ಬಂದಿದ್ದೆ. ಬ್ಯಾಟರಿ ಬಿಸಿಯಾದಷ್ಟೂ ಕಂಟ್ರೋಲರ್ ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತದೆ, ಅದೇ ಈ ಕಾಂಪ್. ಪಾಠ ಸರಿಯಾಗೇ ಇತ್ತು. ಲೆಕ್ಕ ಹಾಕಿರಲಿಲ್ಲ, ಅಷ್ಟೆ.

ಕ್ಲೇಮ್ ಮೇಲೆ ಸಹಿಗಳು ಬೀಳುತ್ತಿದ್ದಾಗಲೇ ಒಂದು ಸಂಜೆ ಗಾಳಿಮಳೆ ಬಂದು ಕಂಬ ಉರುಳಿತು. ನಾನು ಹತ್ತಿರದಲ್ಲೇ ಇದ್ದೆ. ಹೋಗುವಷ್ಟರಲ್ಲಿ ಕರೆಂಟ್ ಹೋಗಿ ಮುಕ್ಕಾಲು ತಾಸು. ಡಿಜಿ (ಡೀಸೆಲ್ ಜನರೇಟರ್) ಆಟೋ ಮೋಡ್‌ನಲ್ಲಿದೆ, ಆದರೆ ಅದರ ಸೆಲ್ಫ್ ಬ್ಯಾಟರಿ ಸತ್ತಿದೆ. ಕ್ರ್ಯಾಂಕ್ ಕೊಟ್ಟರೆ ಟಕ್ ಟಕ್ ಅಂತ ರಿಲೇ ಸದ್ದು, ಅಷ್ಟೆ. ಹೊಲದ ಮಾಲೀಕ ಗೌಡರು ತಲೆಗೆ ಗೋಣಿಚೀಲ ಹಾಕಿಕೊಂಡು ಗೇಟ್ ತೆಗೆದರು. “ಶಕ್ತಿನಗರದಾಗ ಕರೆಂಟ್ ಹುಟ್ತದಂತ್ರೀ, ನಮ್ಮೂರ ತನಕ ಬರೂದ್ರಾಗ ಸತ್ತಿರ್ತದ” ಅಂದರು. ನಗುವ ಹೊತ್ತಲ್ಲ, ಆದರೂ ನಗು ಬಂತು.

ಕ್ಯಾಬಿನೆಟ್ ಬಾಗಿಲು ತೆಗೆದೆ. 46.3. ವೋಲ್ಟೇಜ್ ಇಳಿದಾಗ ಮೊದಲು ಬಿಟಿಎಸ್ (ಟವರಿನ ಮುಖ್ಯ ರೇಡಿಯೊ ಉಪಕರಣ) ಲೋಡನ್ನು ಕಡಿಯುವ ಎಲ್‌ಎಲ್‌ವಿಡಿ 44.4ಕ್ಕೆ ಸೆಟ್ ಆಗಿದೆ, ಕೊನೆಗೆ ಬ್ಯಾಟರಿಯನ್ನೇ ಕಡಿಯುವ ಬಿಎಲ್‌ವಿಡಿ 43.2ಕ್ಕೆ. ನೆಟ್‌ವರ್ಕ್ ಮೇಲೆ ಕಣ್ಣಿಡುವ ಎನ್‌ಒಸಿಯಿಂದ ಫೋನ್ ಮೇಲೆ ಫೋನ್: ಸೈಟ್ ಬೀಳಬಾರದು, ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ. ಅವರಿಗೆ ಹೇಳಲು ನನ್ನ ಹತ್ತಿರ ನಂಬರ್ ಇಲ್ಲ. ಡಿಸ್‌ಪ್ಲೇ ನೋಡುತ್ತಾ ನಿಂತರೆ 46.2, ಇನ್ನೊಂದಿಷ್ಟು ಹೊತ್ತಿಗೆ 46.1.

ಟಾರ್ಚ್ ಬಿಟ್ಟು ಟ್ರೇ ನೋಡಿದೆ. ಬಿ ಸ್ಟ್ರಿಂಗಿನ ಎರಡು ಬ್ಲಾಕುಗಳ ಹೊಟ್ಟೆ ಉಬ್ಬಿತ್ತು. ಪಡುವಣದ ಬಾಗಿಲ ಪಕ್ಕದಲ್ಲೇ ಇದ್ದಂಥವು, ಮಧ್ಯಾಹ್ನದ ಬಿಸಿಲೆಲ್ಲ ಅವುಗಳ ಮೈಮೇಲೆ. ಎ ಸ್ಟ್ರಿಂಗ್ ಮಾತ್ರ ನೆಟ್ಟಗೆ, ಸ್ಟಿಕ್ಕರ್ ಸಮೇತ ಹೊಸದರಂತೆ ಕೂತಿತ್ತು. ಇನ್ನೇನು ಬೇಕು? ಕೆಟ್ಟ ಸ್ಟ್ರಿಂಗ್ ಒಳ್ಳೆಯದನ್ನೂ ಎಳೆದುಕೊಂಡು ಹೋಗುತ್ತಿದೆ, ಬಿ ತೆಗೆದುಬಿಟ್ಟರೆ ಎ ಒಂದೇ ಇನ್ನಷ್ಟು ಹೊತ್ತು ನಿಲ್ಲುತ್ತದೆ ಅಂದುಕೊಂಡೆ. ಯಾವ ಸ್ಟ್ರಿಂಗ್ ಎಷ್ಟು ಕರೆಂಟ್ ಕೊಡುತ್ತಿದೆ ಅಂತ ತೋರಿಸುವ ಡಿಸಿ ಕ್ಲ್ಯಾಂಪ್ ಮೀಟರ್ ಬ್ಯಾಗಿನಲ್ಲಿತ್ತು. ಬ್ಯಾಗ್ ಗಾಡಿಯಲ್ಲಿತ್ತು. ಗಾಡಿ ಗೇಟಿನ ಹೊರಗೆ, ಮಳೆಯಲ್ಲಿ.

ಬಿ ಬ್ರೇಕರ್ ಇಳಿಸಿದೆ.

46.1 ಇದ್ದದ್ದು 45 ಆಯಿತು. ಕೈ ಇನ್ನೂ ಬ್ರೇಕರ್ ಮೇಲೇ ಇದೆ, 44.7. ‘ಠಕ್’ ಅಂತ ಕಾಂಟ್ಯಾಕ್ಟರ್ ಬಿಟ್ಟ ಸದ್ದು. ಬಿಟಿಎಸ್ ಫ್ಯಾನುಗಳು ನಿಧಾನವಾಗಿ ನಿಂತವು. ಗಾಬರಿಯಲ್ಲಿ ಬ್ರೇಕರ್ ಮತ್ತೆ ಏರಿಸಿದೆ. ವೋಲ್ಟೇಜ್ 47ಕ್ಕೆ ಬಂತು, ಸೈಟ್ ಬರಲಿಲ್ಲ. ಒಮ್ಮೆ ಬಿಟ್ಟ ಕಾಂಟ್ಯಾಕ್ಟರ್ ಮತ್ತೆ ಕೂಡಬೇಕೆಂದರೆ ರೀಕನೆಕ್ಟ್ ಸೆಟ್ಟಿಂಗ್ ದಾಟಬೇಕು. ನಮ್ಮ ಕಂಟ್ರೋಲರಿನಲ್ಲಿ ಅದು ಮೇನ್ಸೋ ಡಿಜಿಯೋ ಬಂದ ಮೇಲೆಯೇ. ಮೆನುವಿಗೆ ಹೋಗಿ ಕೈಯಾರೆ ಕೂಡಿಸಬಹುದು, ಪಾಸ್‌ವರ್ಡ್ ಗೊತ್ತಿದ್ದರೆ. ಹಿಂದಿನ ವಾರ ‘ಸೆಕ್ಯುರಿಟಿ’ ಅಂತ ಪಾಸ್‌ವರ್ಡ್ ಬದಲಿಸಿದವರು ಯಾರಿಗೆ ಹೇಳಿದ್ದಾರೋ, ಫೀಲ್ಡಿನವರಿಗಂತೂ ಹೇಳಿರಲಿಲ್ಲ.

ಮೈಕ್ರೋವೇವ್ ಬಿಎಲ್‌ವಿಡಿ ಮೇಲೆ ಇದ್ದುದರಿಂದ ಹಿಂದಿನ ಸೈಟುಗಳು ಉಳಿದವು, ಅದೊಂದು ಪುಣ್ಯ. ಆಗ ಓಡಿಹೋಗಿ ಮೀಟರ್ ತಂದೆ. ಉಳಿದ ಸಣ್ಣ ಲೋಡಿನಲ್ಲಿ ಬಿ ಕೇಬಲಿಗೆ ಕ್ಲ್ಯಾಂಪ್ ಹಾಕಿದರೆ ಏಳು ಆಂಪಿಯರ್ ಹತ್ತಿರ. ಎ ಕೇಬಲಿನಲ್ಲಿ ಒಂದೂ ಪೂರ್ತಿ ಇಲ್ಲ. ಅಲ್ಲಿಯವರೆಗೆ ಸೈಟನ್ನು ಹೊತ್ತಿದ್ದದ್ದು ಆ ಹೊಟ್ಟೆ ಉಬ್ಬಿದ ಸ್ಟ್ರಿಂಗ್. ನೆಟ್ಟಗೆ ಕೂತದ್ದು ಹೆಸರಿಗೆ ಮಾತ್ರ.

ಕೊನೆಗೆ ನಮ್ಮ ಡ್ರೈವರ್ ಬೊಲೆರೊ ರಿವರ್ಸ್ ತಂದು, ಅದರ ಬ್ಯಾಟರಿಯಿಂದ ಡಿಜಿಗೆ ಜಂಪ್ ಕೊಟ್ಟ. ಎರಡನೇ ಕ್ರ್ಯಾಂಕಿಗೇ ಡಿಜಿ ಹೊಗೆ ಬಿಟ್ಟು ಎದ್ದಿತು. ಕೇಬಲ್ ಸುತ್ತಿಡುತ್ತಾ ಅವನು ಮೆಲ್ಲಗೆ, “ಇದನ್ನ ಮೊದ್ಲ ಮಾಡಬೇಕಿತ್ತಲ್ರೀ ಸರ” ಅಂದ. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಮರುದಿನ ಬೆಳಗ್ಗೆ, ಬಿಸಿಲು ಏರುವ ಮುಂಚೆ ಮತ್ತೆ ಹೋದೆವು. ಮೇನ್ಸ್ ಬಂದಿತ್ತು. ಕಂಟ್ರೋಲರಿನಲ್ಲಿ ಬ್ಯಾಟರಿ ಟೆಂಪರೇಚರ್ 47 ಡಿಗ್ರಿ. ಮಳೆ ಬಿದ್ದ ಮೇಲಿನ ತಣ್ಣನೆಯ ಬೆಳಗು, ನಾವು ಗಾಡಿಯ ಎಸಿಯನ್ನೂ ಹಾಕಿರಲಿಲ್ಲ. ಐಆರ್ ಗನ್ ಹಿಡಿದರೆ ಬ್ಲಾಕ್ ಮೈ 31. ಹುಡುಗ ಟೆಂಪರೇಚರ್ ಸೆನ್ಸರಿನ ವೈರ್ ಹಿಡಿದುಕೊಂಡು ಹೋದ. ಅದು ಬ್ಯಾಟರಿ ಟ್ರೇಗೆ ಇಳಿದೇ ಇರಲಿಲ್ಲ. ಮೇಲಿನ ಅರೆಯಲ್ಲಿ, ರೆಕ್ಟಿಫೈಯರ್ ಮಾಡ್ಯೂಲುಗಳ ಬಿಸಿಗಾಳಿ ಹೊರಗೆ ಬರುವ ಜಾಲಿಗೆ, ಬಿಳಿ ಕೇಬಲ್ ಟೈ ಹಾಕಿ ಬಹಳ ಅಂದವಾಗಿ ಕಟ್ಟಿದ್ದರು. ಟೈ ತುದಿಯನ್ನೂ ನೀಟಾಗಿ ಕತ್ತರಿಸಿದ್ದರು. ಇನ್‌ಸ್ಟಾಲೇಷನ್ ಟೀಮಿಗೆ ಬಿಲ್ ಪಾಸ್ ಆಗಬೇಕೆಂದರೆ ‘ಕೇಬಲ್ ಡ್ರೆಸ್ಸಿಂಗ್’ ಫೋಟೊ ಓಕೆ ಆಗಬೇಕು. ನೇತಾಡುವ ಸೆನ್ಸರ್ ವೈರ್ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ.

ಲೆಕ್ಕ ಆಗ ಹಾಕಿದೆ, ಬಾನೆಟ್ ಮೇಲೆ ಪಿಎಂ ಶೀಟ್ ಇಟ್ಟುಕೊಂಡು. ನಮ್ಮ ಸೆಟ್ಟಿಂಗ್ 27 ಡಿಗ್ರಿಗೆ 54.0. ಸೆಲ್ಲಿಗೆ ಡಿಗ್ರಿಗೆ 3 ಮಿಲಿವೋಲ್ಟ್ ಇಳಿಸು ಅಂತ ಇದೆ. ಬ್ಲಾಕಿಗೆ ಆರರಂತೆ ಸ್ಟ್ರಿಂಗಿನ 24 ಸೆಲ್ಲಿಗೆ 72 ಮಿಲಿವೋಲ್ಟ್. ಮಧ್ಯಾಹ್ನ ಜಾಲಿಯ ಹತ್ತಿರ 60 ಡಿಗ್ರಿ ಅಂದರೆ 33 ಡಿಗ್ರಿ ಹೆಚ್ಚು, ಹೆಚ್ಚುಕಡಿಮೆ 2.4 ವೋಲ್ಟ್ ಕಡಿತ. ನಾನು ಪಾಠ ಹೇಳಿದ್ದ ಆ 51.6 ಇದೇ. ಬ್ಲಾಕ್ ನಿಜಕ್ಕೂ 38ರಲ್ಲಿದ್ದರೆ ಸಿಗಬೇಕಾದದ್ದು 53.2. 51.6 ಅಂದರೆ ಸೆಲ್ಲಿಗೆ 2.15. ಅದು ಚಾರ್ಜೇ ಅಲ್ಲ, ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ ತೋರಿಸುವ ವೋಲ್ಟೇಜ್. ಖಾಲಿಯಾದ ಬ್ಯಾಟರಿಗೆ ಅಷ್ಟು ಕೊಡುವುದು ಹಸಿದವನ ಮುಂದೆ ಊಟದ ಫೋಟೊ ಇಟ್ಟ ಹಾಗೆ. ಪ್ರತಿ ಕಟ್‌ಗೆ ಸ್ವಲ್ಪ ಖಾಲಿ, ಮೇನ್ಸ್ ಬಂದರೆ ಅರ್ಧಂಬರ್ಧ, ಮತ್ತೆ ಕಟ್. ತಿಂಗಳುಗಟ್ಟಲೆ ಹೀಗೆ ನಡೆದರೆ ಪ್ಲೇಟುಗಳಿಗೆ ಸಲ್ಫೇಟ್ ಹಿಡಿಯದೆ ಇನ್ನೇನಾಗುತ್ತದೆ? ಎ ಸ್ಟ್ರಿಂಗಿನ ಮೂರನೇ ಬ್ಲಾಕ್ ಮೊದಲು ಹೋಯಿತು, ಉಳಿದ ಮೂರನ್ನೂ ಕೂರಿಸಿತು.

ಫಿಲ್ಟರ್ ಕಥೆ ಬೇರೆ. ಈ ಕಡೆ ಹತ್ತಿ ಜಿನ್ನಿಂಗ್ ಮಿಲ್ಲುಗಳಿವೆ. ಹತ್ತಿಯ ಎಳೆ, ಎರೆಮಣ್ಣಿನ ಧೂಳು ಸೇರಿ ಬಾಗಿಲ ಫಿಲ್ಟರ್ ಕಂಬಳಿಯಾಗಿತ್ತು. ತಟ್ಟಿದರೆ ಬೀಳಲಿಲ್ಲ, ಸುಲಿಯಬೇಕಾಯಿತು. ಕೆಳಗಿನ ಕೇಬಲ್ ಎಂಟ್ರಿಯಲ್ಲಿ ಗ್ಲ್ಯಾಂಡ್ ಇಲ್ಲದ ತೂತಿನಿಂದ ಕೆಂಪಿರುವೆ ಸಾಲು. ಇದ್ಯಾವುದನ್ನೂ ಆ್ಯಪ್ ಕೇಳುವುದಿಲ್ಲ. ಬ್ಯಾಟರಿ ಬದಲಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಹಸಿರಾಗುತ್ತದೆ, ಫಿಲ್ಟರ್ ತೊಳೆದರೆ ಏನೂ ಆಗುವುದಿಲ್ಲ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಬ್ಯಾಟರಿಯ ಆಯುಷ್ಯ ಅರ್ಧ ಅಂತ ಎಲ್ಲ ಟ್ರೇನಿಂಗಿನಲ್ಲೂ ಸ್ಲೈಡ್ ಹಾಕುತ್ತಾರೆ. ಸ್ಲೈಡ್ ಹಾಕಿದವರೇ ಫಿಲ್ಟರಿನ ಬಜೆಟ್ ಕತ್ತರಿಸುತ್ತಾರೆ.

ಆ ಸೈಟಿನ ಹಿಸ್ಟರಿ ತೆಗೆದರೆ ಪ್ರತಿ ತಿಂಗಳೂ 54.0. ತಮಾಷೆ ಅಂದರೆ ಅದರಿಂದಲೇ ವಾರಂಟಿ ಸಿಕ್ಕಿತು. ಬ್ಯಾಟರಿ ಕಂಪನಿಯ ಇಂಜಿನಿಯರ್ ಲಾಗ್ ನೋಡಿ, ಚಾರ್ಜಿಂಗ್ ಸರಿಯಾಗಿದೆ ಅಂತ ಬರೆದುಕೊಂಡು ಎ ಸ್ಟ್ರಿಂಗ್ ಬದಲಿಸಿಕೊಟ್ಟ. ನಾನು ಸೆನ್ಸರ್ ವಿಷಯ ಮೇಲಿನವರಿಗೆ ಮೊದಲೇ ಮೇಲ್ ಹಾಕಿದ್ದೆ. “ಕ್ಲೇಮ್ ಮುಗಿಯಲಿ, ಆಮೇಲೆ ನೋಡೋಣ” ಅಂತ ಫೋನಿನಲ್ಲಿ ಹೇಳಿದರು, ಮೇಲ್‌ಗೆ ಉತ್ತರ ಬರಲಿಲ್ಲ. ಆ ಟೀಮ್ ಕೆಲಸ ಮಾಡಿದ ಬೇರೆ ಸೈಟುಗಳಿಗೆ ಹುಡುಗನನ್ನು ಕಳಿಸಿದೆ. ಸುಮಾರು ಕಡೆ ಅದೇ ಜಾಲಿ, ಅದೇ ಬಿಳಿ ಟೈ.

ಈಗ ನಾವು ಸೆನ್ಸರನ್ನು ನಡುವಿನ ಬ್ಲಾಕಿನ ಮೈಗೆ ಅಂಟಿಸುತ್ತೇವೆ. ಹೊಸ ಸ್ಟ್ರಿಂಗ್ ಸೇರಿಸುವ ಮುಂಚೆ ಎರಡರ ವೋಲ್ಟೇಜ್ ಅಳೆದು, ವ್ಯತ್ಯಾಸ ಇದ್ದರೆ ಒಂದೊಂದನ್ನೇ ಚಾರ್ಜ್ ಮಾಡಿ ಆಮೇಲೆ ಕೂಡಿಸುತ್ತೇವೆ. ಮೇನ್ಸ್ ಇಳಿಸಿ ಅರ್ಧ ತಾಸು ಲೋಡ್ ಮೇಲೆ ಬಿಟ್ಟು, ಬ್ಲಾಕ್ ಬ್ಲಾಕಿಗೂ ಮೀಟರ್, ಕೇಬಲ್ ಕೇಬಲಿಗೂ ಕ್ಲ್ಯಾಂಪ್. ಹೊತ್ತು ಹಿಡಿಯುತ್ತದೆ, ದಿನಕ್ಕೆ ಎರಡೇ ಸೈಟ್ ಆಗುತ್ತವೆ, ಮ್ಯಾನೇಜರ್ ಪ್ರೊಡಕ್ಟಿವಿಟಿ ಅಂತ ಕೂಗುತ್ತಾರೆ. ಆ್ಯಪ್ ಇನ್ನೂ 53ಕ್ಕಿಂತ ಕೆಳಗಿನದನ್ನು ಒಪ್ಪುವುದಿಲ್ಲ. ನಾನು 54.0 ಒತ್ತಿ, ರಿಮಾರ್ಕ್ಸ್ ಕಾಲಂನಲ್ಲಿ ನಿಜವಾದ ರೀಡಿಂಗ್ ಬರೆಯುತ್ತೇನೆ.

ಮೊನ್ನೆ ಮಸ್ಕಿ ಕಡೆಯ ಒಂದು ಸೈಟಿಗೆ ಲಿಥಿಯಂ ಬ್ಯಾಟರಿ ಬಂತು. ಇನ್ನು ನಿಮ್ಮ ತಲೆನೋವೇ ಇಲ್ಲ ಅಂದಿದ್ದರು. ಲಿಥಿಯಂಗೆ ಟೆಂಪರೇಚರ್ ಕಾಂಪ್ ಬೇಡ, ಅದನ್ನು ಸೊನ್ನೆ ಮಾಡಬೇಕು. ಹುಡುಗ ಅಲ್ಲಿಂದಲೇ ಕಂಟ್ರೋಲರ್ ಮೆನುವಿನ ಫೋಟೊ ಕಳಿಸಿದ. ಬ್ಯಾಟರಿ ಟೈಪ್: ವಿಆರ್‌ಎಲ್‌ಎ. ಕಾಂಪ್: 72. ಕೆಳಗೆ ಅವನೇ ಬರೆದಿದ್ದ, “ಸರ, ಪಾಸ್‌ವರ್ಡ್ ಯಾರ ಹತ್ರ ಅದ?”